ಹಿರಿಯರ ಕೈಗೆ ಎಂಥ ರಿವಾಲ್ವರ್?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಈಗ ಒಂದೇ ಬಗೆಯ ಸಂಸಾರಗಳು ಹೆಚ್ಚುತ್ತಿವೆ. ಮಕ್ಕಳು ಬೆಂಗಳೂರಿನಲ್ಲೋ ಅದರಾಚೆಗೋ ನೆಲೆಸಿದ್ದಾರೆ. ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಟೊಮೆಟೊ, ಕೊಟ್ಟಿಗೆಯಲ್ಲಿ ನಾಲ್ಕು ಹಸು, ಇವುಗಳ ನಡುವೆ ಅರವತ್ತೈದು ಎಪ್ಪತ್ತು ದಾಟಿದ ದಂಪತಿ ಇಬ್ಬರೇ. ಬೆಂಗಳೂರಿನ ನೆರಳು ಚಾಚಿದಂತೆ ಭೂಮಿಯ ಬೆಲೆ ಏರಿದೆ. ಬೆಲೆಯೊಂದಿಗೆ ಭಯವೂ ಏರಿದೆ. ನಾನು ಕಂದಾಯ ಆಡಳಿತದಲ್ಲಿದ್ದು ನಿವೃತ್ತನಾದವನೆಂಬ ಕಾರಣಕ್ಕೆ ಪರಿಚಿತರು ಮದುವೆ ಮನೆಗಳಲ್ಲಿ, ಬ್ಯಾಂಕಿನ ಸಾಲಿನಲ್ಲಿ ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಯೊಂದಿದೆ: 'ಸಾರ್, ಕೈಗೆ ಹಗುರವಾಗಿರೋ, ಜಾಸ್ತಿ ಒದೀದೇ ಇರೋ ರಿವಾಲ್ವರ್ ಯಾವುದು ಹೇಳಿ. ಬೆರಳಲ್ಲಿ ಮೊದಲಿನ ಶಕ್ತಿ ಇಲ್ಲ.'

ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕೇಳುವವರು ಪುಂಡರಲ್ಲ; ಕಾನೂನಿಗೆ ಅಂಜಿ ನಡೆಯುವ ಹಿರಿಯರು. ಆದ್ದರಿಂದ ಅದಕ್ಕೆ ನೇರವಾಗಿ ಉತ್ತರಿಸುವುದೇ ಸರಿ. ನೇರವಾಗಿ ಉತ್ತರಿಸುತ್ತ ಹೋದರೆ ಪ್ರಶ್ನೆಯೇ ಬದಲಾಗುತ್ತದೆಂಬುದು ನನ್ನ ವಾದ. ಹಿರಿಯ ಕೈಗೆ ಅಡ್ಡಿಯಾಗುವುದು ಗುಂಡು ಹಾರಿದ ಮೇಲಿನ ಒದೆತವಲ್ಲ. ಗುಂಡು ಹಾರಿಸಲು ಬೆರಳು ಪಡಬೇಕಾದ ಶ್ರಮ. ಆ ಬೆರಳಿನ ಬಲವನ್ನು ನಮ್ಮ ಪರವಾನಗಿ ವ್ಯವಸ್ಥೆ ಎಂದೂ ಅಳೆಯುವುದಿಲ್ಲ.

ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿರುವಂತೆ ಶಸ್ತ್ರ ಹೊಂದುವುದು ನಮ್ಮಲ್ಲಿ ಮೂಲಭೂತ ಹಕ್ಕಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಮತ್ತೊಮ್ಮೆ ನೆನಪಿಸಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಪಡೆದವರಿಗಷ್ಟೇ ಆ ಅವಕಾಶ. ಇಪ್ಪತ್ತೊಂದು ವರ್ಷ ತುಂಬದವರಿಗೆ ಸಾಮಾನ್ಯವಾಗಿ ಪರವಾನಗಿ ಇಲ್ಲ ಎಂದು ಕಾಯ್ದೆ ಕೆಳಗಿನ ಮಿತಿಯನ್ನು ಹೇಳುತ್ತದೆ. ಮೇಲಿನ ವಯೋಮಿತಿಯನ್ನು ಹೇಳುವುದಿಲ್ಲ. ಬೆಳೆ ರಕ್ಷಣೆಯ ಹೆಸರಿನಲ್ಲಿ ದೊರೆಯುವುದು ಉದ್ದ ನಳಿಗೆಯ ಕೋವಿಯೇ ಹೊರತು ರಿವಾಲ್ವರ್ ಅಲ್ಲ. ರಿವಾಲ್ವರಿಗೆ ಪ್ರಾಣಭಯದ ಕಾರಣವನ್ನು ಜಿಲ್ಲಾಡಳಿತಕ್ಕೆ ಮನವರಿಕೆ ಮಾಡಿಕೊಡಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಆಯುಧ. ತಾತನ ಕಾಲದ ಜೋಡಿನಳಿಗೆ ಕೋವಿ ಮನೆಯಲ್ಲಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ.

ಇನ್ನು ಮಾರುಕಟ್ಟೆ. ಸಿನಿಮಾಗಳಲ್ಲಿ ಕಾಣುವ, ಅಮೆರಿಕದ ವೃದ್ಧರಿಗೆಂದು ಅಲ್ಲಿನ ಪತ್ರಿಕೆಗಳು ಶಿಫಾರಸು ಮಾಡುವ ರಿವಾಲ್ವರುಗಳು ನಮ್ಮವರಿಗೆ ಎಟುಕುವುದಿಲ್ಲ. 1980ರ ದಶಕದ ನಡುಭಾಗದಿಂದ ಸಾಮಾನ್ಯ ನಾಗರಿಕರಿಗೆ ಆಮದಿನ ಬಾಗಿಲು ಮುಚ್ಚಿದೆ. ಸೇನೆ, ಪೊಲೀಸರು ಬಳಸುವ .38, 9 ಮಿ.ಮೀ. ಮುಂತಾದವು ನಿಷೇಧಿತ ಬೋರ್. ಉಳಿದದ್ದು ಮುಖ್ಯವಾಗಿ .32 ಮತ್ತು .22. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ದಶಕಗಳಿಂದ ಇದೆ. 2014ರಲ್ಲಿ ಅಲ್ಲಿಂದಲೇ 'ನಿರ್ಭೀಕ್' ಬಂತು. ಟೈಟಾನಿಯಂ ಮಿಶ್ರಲೋಹದ, ಸುಮಾರು 500 ಗ್ರಾಂ ತೂಕದ ಈ ರಿವಾಲ್ವರನ್ನು ಮಹಿಳೆಯರಿಗೆಂದು ಪ್ರಚಾರ ಮಾಡಲಾಯಿತು. ಬೆಲೆ ಆಗಲೇ 1.22 ಲಕ್ಷ ರೂಪಾಯಿ ದಾಟಿತ್ತು. 2016ರಲ್ಲಿ ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ .22ರ 'ನಿಡರ್' ತಂದಿತು. ಅದು ಇನ್ನೂ ಹಗುರ. 2021ರಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆ ಮಂಡಳಿ ಏಳು ಕಂಪನಿಗಳಾಗಿ ಒಡೆದ ಮೇಲೆ, ಕಾನ್ಪುರದ ಕಂಪನಿ 2023ರ ಆಗಸ್ಟ್‌ನಲ್ಲಿ 'ಪ್ರಬಲ್' ಎಂಬ .32 ರಿವಾಲ್ವರನ್ನು ಬಿಡುಗಡೆ ಮಾಡಿತು. ಅದರ ತೂಕ ಸುಮಾರು 700 ಗ್ರಾಂ. ಗುಂಡಿನ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವುದು ಅದರ ವಿಶೇಷ.

ಹಿರಿಯರ ಕಣ್ಣು ಸಹಜವಾಗಿ ಅತಿ ಹಗುರವಾದದ್ದರ ಮೇಲೆ ಬೀಳುತ್ತದೆ. ಇಲ್ಲಿ ಭೌತಶಾಸ್ತ್ರ ಅಡ್ಡ ನಿಲ್ಲುತ್ತದೆ. ಒಂದೇ ಗುಂಡನ್ನು ಎರಡು ರಿವಾಲ್ವರುಗಳಿಂದ ಹಾರಿಸಿದರೆ ಹಿಂದಕ್ಕೆ ತಳ್ಳುವ ಆವೇಗ ಎರಡರಲ್ಲೂ ಒಂದೇ. ಆದರೆ ಕೈಗೆ ಬಡಿಯುವ ಹಿನ್ನೊದೆತದ ಶಕ್ತಿ ಆಯುಧದ ತೂಕಕ್ಕೆ ವಿಲೋಮ. 500 ಗ್ರಾಂ ರಿವಾಲ್ವರಿನ ಒದೆತವನ್ನು 100 ಎಂದಿಟ್ಟುಕೊಂಡರೆ, ಅದೇ ಗುಂಡಿಗೆ 700 ಗ್ರಾಂ ರಿವಾಲ್ವರಿನ ಒದೆತ ಸುಮಾರು 71. ಹಗುರವಾದದ್ದು ಜೇಬಿಗೆ ಹಿತ, ಮಣಿಕಟ್ಟಿಗೆ ಅಹಿತ. ಹೆಬ್ಬೆರಳಿನ ಬುಡದ ಕೀಲು ಸವೆದವರಿಗೆ ಆ 29ರ ವ್ಯತ್ಯಾಸ ಸಣ್ಣದಲ್ಲ. ಸಣ್ಣ ಹಿಡಿಯೂ ಇದೇ ತೊಂದರೆ ಕೊಡುತ್ತದೆ. ಅಂಗೈ ತುಂಬುವ ರಬ್ಬರ್ ಹಿಡಿ ಹೊಡೆತವನ್ನು ಹಂಚುತ್ತದೆ, ತೆಳ್ಳಗಿನ ಹಿಡಿ ಅದನ್ನು ಒಂದೇ ಕಡೆ ಇಳಿಸುತ್ತದೆ. ಆದರೂ .32 ಗುಂಡು ಸೌಮ್ಯ ಸ್ವಭಾವದ್ದು. ಆರೋಗ್ಯವಂತ ಕೈಯಲ್ಲಿ ಅದರ ಒದೆತ ದೊಡ್ಡ ಸಮಸ್ಯೆಯಲ್ಲ; .22ರದ್ದಂತೂ ನಗಣ್ಯ. ಒದೆತವೊಂದೇ ಪ್ರಶ್ನೆಯಾಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ನಿಜವಾದ ತೊಡಕು ಟ್ರಿಗರಿನದು. ರಿವಾಲ್ವರಿನಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಸುರಕ್ಷಾ ಕೀಲಿ ಇರುವುದಿಲ್ಲ. ಟ್ರಿಗರಿನ ಬಿಗಿಯೇ ಅದರ ಸುರಕ್ಷೆ. ಹ್ಯಾಮರನ್ನು ಮೊದಲೇ ಎಳೆದಿಡದೆ ನೇರವಾಗಿ ಟ್ರಿಗರ್ ಒತ್ತಿದರೆ ತೋರುಬೆರಳೊಂದೇ ಸುಮಾರು ನಾಲ್ಕೂವರೆಯಿಂದ ಆರು ಕಿಲೋ ಭಾರವನ್ನು ಎಳೆಯಬೇಕಾಗುತ್ತದೆ. ಅದೂ ನಳಿಗೆ ಅಲುಗದಂತೆ. ಹೆಬ್ಬೆರಳಿನಿಂದ ಹ್ಯಾಮರ್ ಎಳೆದಿಟ್ಟರೆ ಟ್ರಿಗರ್ ಎರಡು ಕಿಲೋ ಆಸುಪಾಸಿಗೆ ಇಳಿಯುತ್ತದೆ. ಆದರೆ ಸಂಧಿವಾತ ಮೊದಲು ಹಿಡಿಯುವ ಕೀಲುಗಳಲ್ಲಿ ಆ ಹೆಬ್ಬೆರಳಿನ ಬುಡವೂ ಒಂದು. ಎಳೆದಿಟ್ಟ ಹ್ಯಾಮರನ್ನು ಗುಂಡು ಹಾರಿಸದೆ ಮೆಲ್ಲನೆ ಇಳಿಸುವುದಂತೂ ನಡುಗುವ ಕೈಗೆ ಅಪಾಯದ ಕೆಲಸ. .22ರಲ್ಲೂ ಪರಿಹಾರ ಸಿಕ್ಕೀತೆಂದು ಹೇಳಲಾಗದು. ಅದರ ಗುಂಡಿನ ಮದ್ದು ಅಂಚಿನಲ್ಲಿರುವುದರಿಂದ ಹ್ಯಾಮರ್ ಬಲವಾಗಿ ಬಡಿಯಬೇಕು. ಹಾಗಾಗಿ ಒದೆತ ಕಡಿಮೆಯಾದರೂ ಟ್ರಿಗರ್ ಬಿಗಿಯಾಗಿರುವುದೇ ಹೆಚ್ಚು. ಪಿಸ್ತೂಲಾದರೂ ಆದೀತೇ ಎಂದರೆ ಅದರ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ಜಗ್ಗಲು ಎರಡೂ ಕೈಗಳ ಹಿಡಿತ ಗಟ್ಟಿಯಾಗಿರಬೇಕು. ಆ ಕಾರಣಕ್ಕೇ ಹಿರಿಯರಿಗೆ ರಿವಾಲ್ವರ್ ವಾಸಿ ಎನ್ನುವುದು.

ನಮ್ಮ ಸೀಮೆಯ ಕೈಗಳನ್ನು ಒಮ್ಮೆ ನೋಡಬೇಕು. ಶಿಡ್ಲಘಟ್ಟದಲ್ಲಿ ಮೂವತ್ತು ನಲವತ್ತು ವರ್ಷ ಬಿಸಿನೀರಿನ ಬಾಣಲೆಗೆ ಬೆರಳಿಟ್ಟು ಗೂಡಿನಿಂದ ನೂಲು ತೆಗೆದವರ ಕೈ, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಬಳ್ಳಿಗೆ ಕತ್ತರಿ ಹಿಡಿದವರ ಕೈ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ದಿನಕ್ಕೆರಡು ಬಾರಿ ಹಾಲು ಕರೆದವರ ಕೈ. ಇವು ವಯಸ್ಸಿಗಿಂತ ಮೊದಲೇ ಸವೆದ ಕೈಗಳು. ಬೆರಳು ಮಡಿಸಿದರೆ ಅಲ್ಲೇ ಸಿಕ್ಕಿಕೊಂಡು ಚಟ್ಟನೆ ಬಿಡಿಸಿಕೊಳ್ಳುವ ಕಾಯಿಲೆಗೆ ವೈದ್ಯರು 'ಟ್ರಿಗರ್ ಫಿಂಗರ್' ಎಂದೇ ಹೆಸರಿಟ್ಟಿದ್ದಾರೆ. ಆ ಹೆಸರಿನ ಬೆರಳು ಆ ಹೆಸರಿನ ಕೆಲಸಕ್ಕೆ ಒದಗದು ಎಂಬುದೇ ವಿಪರ್ಯಾಸ.

ಕೊಳ್ಳುವ ಯೋಚನೆಯಲ್ಲಿರುವವರು ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಸ್ಪ್ರಿಂಗ್ ತಕ್ಕಡಿಯೊಂದನ್ನು ಗಟ್ಟಿಯಾಗಿ ಕಟ್ಟಿ, ಅದರ ಕೊಕ್ಕೆಗೆ ಕೇವಲ ತೋರುಬೆರಳನ್ನು ಹಾಕಿ, ಮುಳ್ಳು ಐದು ಕಿಲೋ ಮುಟ್ಟುವ ತನಕ ಎಳೆಯಬೇಕು. ರಿವಾಲ್ವರಿನಲ್ಲಿ ಸಾಮಾನ್ಯವಾಗಿ ಆರು ಗುಂಡು. ಆದ್ದರಿಂದ ಆರು ಬಾರಿ, ಮಣಿಕಟ್ಟು ತಿರುಚದೆ, ತೋಳು ನಡುಗದೆ ಎಳೆಯಬೇಕು. ಬೆಳಗಿನ ಜಾವ, ಕೀಲುಗಳು ಬಿಗಿದಿರುವ ಹೊತ್ತಿನಲ್ಲೇ ಇದನ್ನು ಮಾಡಬೇಕು. ಕಳ್ಳ ನಮ್ಮ ಕೈ ಸಡಿಲವಾಗುವ ಹೊತ್ತು ನೋಡಿ ಬರುವುದಿಲ್ಲ. ಇದರಲ್ಲಿ ತೇರ್ಗಡೆಯಾಗದ ಬೆರಳಿಗೆ ಪೇಟೆಯ ಯಾವ ರಿವಾಲ್ವರೂ ಒಗ್ಗುವುದು ಕಷ್ಟ. ಟ್ರಿಗರ್ ಸಡಿಲಿಸಿಕೊಡುತ್ತೇವೆ ಎನ್ನುವ ಕೈಗಾರಿಕಾ ಶೆಡ್ಡಿನ ಜಾಣರ ಮಾತಿಗೆ ಕಿವಿಗೊಡಬಾರದು. ಪರವಾನಗಿಯಿಲ್ಲದವರು ಆಯುಧ ರಿಪೇರಿ ಮಾಡುವುದೇ ಅಪರಾಧ. ಸ್ಪ್ರಿಂಗ್ ಸಡಿಲವಾದರೆ ಬೇಕಾದಾಗ ಗುಂಡು ಹಾರದೆ ಹೋಗಬಹುದು, ಬೇಡವಾದಾಗ ಹಾರಲೂಬಹುದು.

ತೇರ್ಗಡೆಯಾದವರು ಗಮನಿಸಬೇಕಾದ ಕ್ರಮ ಹೀಗಿದೆ. ಮೊದಲು ಟ್ರಿಗರಿನ ನಯ, ಆಮೇಲೆ ಹಿಡಿಯ ಗಾತ್ರ, ಆಮೇಲೆ ತೆರೆಯುವ ವಿಧಾನ, ಕೊನೆಗೆ ತೂಕ. ಹಳೆಯ ಮಾದರಿಗಳಲ್ಲಿ ಚಿಲಕ ಒತ್ತಿ ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ಖಾಲಿ ಕೋಶಗಳು ತಾವೇ ಮೇಲೇಳುತ್ತವೆ. ಅದು ಅನುಕೂಲವೇ, ಆದರೆ ಆ ಚಿಲಕಕ್ಕೆ ಹೆಬ್ಬೆರಳ ಬಲ ಬೇಕು. ಪಕ್ಕಕ್ಕೆ ತೆರೆಯುವ ಸಿಲಿಂಡರಿನಲ್ಲಿ ಕೋಶಗಳನ್ನು ಹೊರತಳ್ಳುವ ಕಡ್ಡಿಯನ್ನು ಅಂಗೈಯಿಂದ ಒತ್ತಬಹುದು. ಎರಡನ್ನೂ ಖಾಲಿ ಮಾಡಿಸಿ, ಖಾಲಿ ಎಂದು ಕಣ್ಣಾರೆ ಕಂಡು, ಅಂಗಡಿಯಲ್ಲೇ ಹತ್ತಾರು ಬಾರಿ ತೆರೆದು ಮುಚ್ಚಿ ನೋಡಬೇಕು. ಹಗುರವಾದದ್ದನ್ನು ಕೇಳಿಕೊಂಡು ಹೋದವರು ನಯವಾದದ್ದನ್ನು ಹುಡುಕಿಕೊಂಡು ಬರಲಿ ಎಂಬುದಷ್ಟೇ ನನ್ನ ಸಲಹೆ.

ಇಷ್ಟು ವ್ಯಕ್ತಿಗೆ ಹೇಳಬಹುದಾದದ್ದು. ವ್ಯವಸ್ಥೆಗೆ ಹೇಳಬೇಕಾದದ್ದು ಬೇರೆಯೇ ಇದೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವ ಮುನ್ನ, ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಪರವಾನಗಿಯ ಕಡತಗಳು ನನ್ನ ಮೇಜನ್ನೂ ಹಾದುಹೋಗುತ್ತಿದ್ದವು. ಅರ್ಜಿದಾರರ ಜಮೀನೆಷ್ಟು, ಕ್ರಿಮಿನಲ್ ಮೊಕದ್ದಮೆ ಇದೆಯೇ, ಊರಿನಲ್ಲಿ ವೈಷಮ್ಯವಿದೆಯೇ ಎಂಬುದಕ್ಕೆಲ್ಲ ವರದಿ ಇರುತ್ತಿತ್ತು. ಕೈ ಹೇಗಿದೆ ಎಂಬ ಸಾಲು ಯಾವ ವರದಿಯಲ್ಲೂ ಇರುತ್ತಿರಲಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಾವಳಿ ಒಂದು ಹೆಜ್ಜೆ ಮುಂದಿಟ್ಟಿತು. ಅರ್ಜಿಯೊಂದಿಗೆ ಮಾನಸಿಕ ಆರೋಗ್ಯ, ದೈಹಿಕ ಕ್ಷಮತೆಗಳ ಬಗ್ಗೆ ವೈದ್ಯರ ಪ್ರಮಾಣಪತ್ರವನ್ನು ಕೇಳಿತು. ಆಯುಧ ನಿರ್ವಹಣೆಯ ಸುರಕ್ಷಾ ತರಬೇತಿಯ ಮಾತನ್ನೂ ಆಡಿತು. ಆದರೆ ದೈಹಿಕ ಕ್ಷಮತೆ ಎಂಬ ಎರಡು ಪದಗಳಲ್ಲಿ ರಕ್ತದೊತ್ತಡವೂ ಬರಬಹುದು, ಹೃದಯವೂ ಬರಬಹುದು, ಬೆರಳು ಬರಲೇಬೇಕೆಂದಿಲ್ಲ.

ಇದರ ಜೊತೆಗೆ 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಹೆಚ್ಚಿಸಿತು. ಕಚೇರಿಗೆ ಅಲೆಯುವುದು ತಪ್ಪಿತೆಂದು ಎಲ್ಲರೂ ಸಂತೋಷಪಟ್ಟರು. ನಲವತ್ತರ ಪ್ರಾಯದವನಿಗೆ ಐದು ವರ್ಷ ಏನೂ ಅಲ್ಲ. ಅರವತ್ತೇಳರಲ್ಲಿ ನವೀಕರಣವಾದ ಕೈ ಎಪ್ಪತ್ತೆರಡರಲ್ಲಿ ಅದೇ ಕೈಯಾಗಿರುತ್ತದೆಯೇ? ಕಣ್ಣಿನ ಪೊರೆ, ಮಧುಮೇಹದಿಂದ ಜೋಮು ಹಿಡಿದ ಬೆರಳ ತುದಿ, ನಿದ್ರೆ ಮಾತ್ರೆ, ಇವೆಲ್ಲ ಬಂದು ಸೇರುವುದು ಆ ಐದು ವರ್ಷಗಳಲ್ಲೇ. ವಾಹನ ಚಾಲನಾ ಪರವಾನಗಿಯ ವಿಷಯದಲ್ಲಿ ವಯಸ್ಸಾದಂತೆ ವೈದ್ಯಕೀಯ ಪ್ರಮಾಣಪತ್ರ ಕೇಳುವ, ನವೀಕರಣದ ಅವಧಿಯನ್ನು ಕುಗ್ಗಿಸುವ ವಿವೇಕವನ್ನು ನಾವು ಒಪ್ಪಿಕೊಂಡಿದ್ದೇವೆ. ಬಂದೂಕಿನ ವಿಷಯದಲ್ಲಿ ಅವಧಿ ಎಲ್ಲರಿಗೂ ಸಮಾನವಾಗಿ ಹಿಗ್ಗಿದೆ.

ಆದ್ದರಿಂದ ನನ್ನ ಸಲಹೆಗಳು ಮೂರು. ಅರವತ್ತೈದು ದಾಟಿದವರ ಹೊಸ ಪರವಾನಗಿ ಮತ್ತು ನವೀಕರಣಕ್ಕೆ ಜಿಲ್ಲಾ ಆಸ್ಪತ್ರೆಯ ಮೂಳೆ ತಜ್ಞರಿಂದ ಕೈ ಹಿಡಿತದ, ಕಣ್ಣಿನ ತಜ್ಞರಿಂದ ದೃಷ್ಟಿಯ ಪರೀಕ್ಷೆ ಇರಲಿ; ಎರಡಕ್ಕೂ ಅರ್ಧ ಗಂಟೆ ಸಾಕು. ಎರಡನೆಯದು, ಕೊಳ್ಳುವ ಮುನ್ನ ಹಾರಿಸಿ ನೋಡುವ ವ್ಯವಸ್ಥೆ. ಲಕ್ಷ ರೂಪಾಯಿ ದಾಟುವ ವಸ್ತುವನ್ನು ಒಮ್ಮೆಯೂ ಬಳಸಿ ನೋಡದೆ ಕೊಳ್ಳುವ ಮಾರುಕಟ್ಟೆ ಇದು. ಒಂದು ಚಪ್ಪಲಿ ಕೊಳ್ಳುವಾಗಲಾದರೂ ಎರಡು ಹೆಜ್ಜೆ ನಡೆದು ನೋಡುತ್ತೇವೆ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಸೋಲುತ್ತದೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಪೊಲೀಸರ ಅಭ್ಯಾಸ ಮೈದಾನದಲ್ಲಿ ತಿಂಗಳಿಗೊಂದು ದಿನ, ಶುಲ್ಕ ಪಡೆದು, ತರಬೇತುದಾರರ ಎದುರಿನಲ್ಲಿ ಆರು ಗುಂಡು ಹಾರಿಸುವ ಅವಕಾಶ ಕಲ್ಪಿಸಿದರೆ ಎಷ್ಟೋ ಅರ್ಜಿಗಳು ತಾವಾಗಿಯೇ ಹಿಂದೆ ಸರಿದಾವು. ಮೂರನೆಯದು, ಆಗಲೇ ಇರುವ ಒಂದು ನಿಯಮವನ್ನು ಜನರಿಗೆ ತಿಳಿಸುವುದು.

ಆ ನಿಯಮ ಬಹಳ ಜನಕ್ಕೆ ಗೊತ್ತಿಲ್ಲ. 2016ರ ನಿಯಮಾವಳಿಯ 25ನೇ ನಿಯಮದಂತೆ, ಪರವಾನಗಿದಾರರಿಗೆ ಎಪ್ಪತ್ತು ತುಂಬಿದರೆ, ಇಲ್ಲವೇ ಅವರು ಆಯುಧ ಹೊಂದಿ ಇಪ್ಪತ್ತೈದು ವರ್ಷವಾದರೆ, ಇವೆರಡರಲ್ಲಿ ಯಾವುದು ಮೊದಲೋ ಆಗ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೊಡಲು ಅವಕಾಶವಿದೆ. ವಾರಸುದಾರರೂ ಅರ್ಹರಾಗಿರಬೇಕು, ಅವರ ಬಗೆಗೂ ಪೊಲೀಸ್ ವರದಿ ಬರಬೇಕು, ಅದು ಸರಿಯೇ. ಮುಖ್ಯ ಸಂಗತಿಯೆಂದರೆ, ಎಪ್ಪತ್ತು ಎಂಬುದು ಆಯುಧದ ಹೊಣೆಯನ್ನು ಗೌರವದಿಂದ ಇಳಿಸಬಹುದಾದ ವಯಸ್ಸೆಂದು ನಿಯಮವೇ ಗುರುತಿಸಿದೆ. ಒತ್ತಾಯವಿಲ್ಲ, ದಾರಿ ಇದೆ. ಮಕ್ಕಳಿಗೆ ಬೇಡವಾದರೆ ಪರವಾನಗಿ ಪಡೆದ ವ್ಯಾಪಾರಿಗೆ ಮಾರಬಹುದು. ಪಹಣಿಯನ್ನು ಮಕ್ಕಳ ಹೆಸರಿಗೆ ಮಾಡಿಸುವ ದಿನವೇ ಬಂದೂಕಿನ ಮಾತನ್ನೂ ಮುಗಿಸುವ ಮನೆ ಜಾಣರ ಮನೆ. ಮುಗಿಸದಿದ್ದರೆ ಏನಾಗುತ್ತದೆ? ಯಜಮಾನರು ತೀರಿಕೊಂಡ ಮೇಲೆ ಬೀರುವಿನಲ್ಲಿ ಆಯುಧ ಉಳಿಯುತ್ತದೆ. ಅದನ್ನು ಮುಟ್ಟಲೂ ಹೆದರುವ ವಿಧವೆ ಪರವಾನಗಿಯಿಲ್ಲದ ಶಸ್ತ್ರ ಇಟ್ಟುಕೊಂಡವಳಾಗುತ್ತಾಳೆ. ಇಂಥ ಮನೆಗಳು ಒಂದೆರಡಲ್ಲ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತಿದೆ. 'ಪೊಲೀಸ್ ಠಾಣೆ ಹದಿನೈದು ಕಿಲೋಮೀಟರ್ ದೂರ. ಅವರು ಬರುವ ತನಕ ನಮ್ಮ ಗತಿಯೇನು?' ಭಯ ನಿಜವಾದದ್ದು. ಅದನ್ನು ಹಗುರವಾಗಿ ಕಾಣುವ ಹಕ್ಕು ನಗರದಲ್ಲಿ ಕುಳಿತವರಿಗಿಲ್ಲ. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ರಾತ್ರಿ ಎರಡು ಗಂಟೆಗೆ ಬಾಗಿಲು ಸದ್ದಾದಾಗ ಎದ್ದು, ಕನ್ನಡಕ ಹುಡುಕಿ, ಬೀರು ತೆಗೆದು, ಗುಂಡು ತುಂಬಿ, ಕತ್ತಲಲ್ಲಿ ಬಂದವನು ಕಳ್ಳನೋ ಕುಡಿದು ಬಂದ ಆಳೋ ಮೊಮ್ಮಗನೋ ಎಂದು ಗುರುತಿಸಿ, ಐದು ಕಿಲೋ ಎಳೆಯಬೇಕು. ಗುಂಡು ತುಂಬಿಯೇ ದಿಂಬಿನಡಿ ಇಟ್ಟುಕೊಂಡರೆ ಬೇಸಿಗೆ ರಜೆಗೆ ಬರುವ ಮಕ್ಕಳ ಗತಿ? ಇನ್ನು ಸೊಂಟದಲ್ಲಿಟ್ಟುಕೊಂಡು ಸಂತೆಗೆ ಹೋದರೆ ಆಯುಧವೇ ಕಳ್ಳನ ಕಣ್ಣಿಗೆ ಬೀಳುವ ಒಡವೆ. ಹಿಂದೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ನೋಟಿನ ಕಂತೆ ಹೊತ್ತು ಊರಿಗೆ ಮರಳುವವರಿಗೆ ದಾರಿಯ ಭಯವಿತ್ತು. ಇಂದು ಬಹುಪಾಲು ಹಣ ಬ್ಯಾಂಕ್ ಖಾತೆಯ ಮೂಲಕವೇ ಓಡಾಡುತ್ತದೆ. ಅಷ್ಟರ ಮಟ್ಟಿಗೆ ಕಾರಣವೂ ಕರಗಿದೆ.

ಕೊಡಗಿನ ಉದಾಹರಣೆಯನ್ನು ಕೆಲವರು ಮುಂದಿಡುತ್ತಾರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ; 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು. ಆದರೆ ಅಲ್ಲಿ ಕೋವಿಯನ್ನು ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜಿಸುತ್ತಾರೆ. ಅದನ್ನು ಹಿಡಿಯುವ ರೀತಿ, ಇಡುವ ರೀತಿ ಮನೆಯಲ್ಲೇ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ನಮ್ಮ ಬಯಲುಸೀಮೆಯಲ್ಲಿ ಆ ಪರಂಪರೆ ಇಲ್ಲ. ಅರವತ್ತೆಂಟರಲ್ಲಿ ಮೊದಲ ಬಾರಿಗೆ ಆಯುಧ ಹಿಡಿಯುವವರಿಗೆ ಅದನ್ನು ಎರವಲು ತರಲಾಗುವುದಿಲ್ಲ.

ಅದೇ ಒಂದೂಕಾಲು ಲಕ್ಷ ರೂಪಾಯಿಗೆ ಬೇರೇನು ಬಂದೀತೆಂದು ಕೇಳುವುದು ಅರ್ಥಶಾಸ್ತ್ರ ಓದಿದವನ ಅಭ್ಯಾಸ. ಅಂಗಳಕ್ಕೆ ತಾನಾಗಿ ಹೊತ್ತಿಕೊಳ್ಳುವ ದೀಪ, ಕಿಟಕಿಗಳಿಗೆ ಗಟ್ಟಿ ಸರಳು, ಒಳಗಿನಿಂದ ಅಡ್ಡಪಟ್ಟಿ ಹಾಕುವ ಬಾಗಿಲು, ಪಕ್ಕದ ತೋಟದ ಮನೆಗೂ ಕೇಳುವ ಕೂಗುಗಂಟೆ, ಎರಡು ಊರುನಾಯಿ. ಇವು ಯಾವುದಕ್ಕೂ ಬೆರಳಿನ ಬಲ ಬೇಡ. ಫೋನಿನಲ್ಲಿ ಒಂದೇ ಗುಂಡಿಗೆ 112 ಅಳವಡಿಸಿಕೊಳ್ಳಬಹುದು. ಹಿರಿಯರ ಇತರ ಸಂಕಟಗಳಿಗೆ 14567 ಸಹಾಯವಾಣಿ ಇದೆ. ಬೀಟ್ ಪೊಲೀಸರ ಪುಸ್ತಕದಲ್ಲಿ ಒಂಟಿ ಹಿರಿಯರ ಮನೆಗಳ ಪಟ್ಟಿ ಇರಬೇಕು; ವಾರಕ್ಕೊಮ್ಮೆ ಅಲ್ಲಿ ಅವರ ಸಹಿ ಬೀಳಬೇಕು. ಇದನ್ನು ಕೇಳುವುದು ನಮ್ಮ ಹಕ್ಕು. ರಿವಾಲ್ವರ್ ಕೇಳುವುದು ಹಕ್ಕಲ್ಲ.

ಇಷ್ಟಾದ ಮೇಲೂ ನಿಜವಾದ ಪ್ರಾಣಭಯವಿದ್ದು, ಕೈ ಗಟ್ಟಿಯಿದ್ದು, ತರಬೇತಿ ಪಡೆದು, ವರ್ಷಕ್ಕೆ ನಾಲ್ಕು ಬಾರಿಯಾದರೂ ಅಭ್ಯಾಸ ಮಾಡುವ ಹಿರಿಯರಿಗೆ ಪರವಾನಗಿ ಸಿಗಲಿ. ಅವರಿಗೆ ನನ್ನ ಉತ್ತರ ಸ್ಪಷ್ಟ: .32 ಗುಂಡಿನ, 700 ಗ್ರಾಂ ಆಸುಪಾಸಿನ, ಅಂಗೈ ತುಂಬುವ ಹಿಡಿಯ, ಟ್ರಿಗರ್ ನಯವಾಗಿ ಬರುವ ರಿವಾಲ್ವರ್. ಉಳಿದವರಿಗೂ ಉತ್ತರ ಅಷ್ಟೇ ಸ್ಪಷ್ಟ. ಐದು ಕಿಲೋ ಎಳೆಯಲಾಗದ ಬೆರಳಿಗೆ ಹಗುರವಾದ ರಿವಾಲ್ವರನ್ನು ಹುಡುಕಿಕೊಡುವುದು ಉಪಕಾರವಲ್ಲ. ಆ ಬೆರಳು ದುಡಿದು ಕಟ್ಟಿದ ಮನೆಗೆ ರಾತ್ರಿಯ ಕಾವಲು ಒದಗಿಸುವುದು ಮಕ್ಕಳ, ನೆರೆಯವರ ಮತ್ತು ಸರ್ಕಾರದ ಕೆಲಸ.